ನಿಂತ ವಿಮಾನ, ನುಡಿಯದ ಪೆಟ್ಟು

ಈ ಸಲ ರಜೆಗೆ ಊರಿಗೆ ಹೊರಟಾಗ ವಿಮಾನ ನಿಲ್ದಾಣದಲ್ಲಿ ನಾವು ಎರಡು ಗಂಟೆ ಕಾಯಬೇಕಾಯಿತು. ಸಾಮಾನು ಏರಿಸುವ ಗಾಡಿಯೊಂದು ನಮ್ಮ ವಿಮಾನಕ್ಕೆ ತಗುಲಿತಂತೆ. ಇಂಜಿನಿಯರು ಬಂದು ಪರೀಕ್ಷಿಸುವವರೆಗೆ ಹೊರಡುವಂತಿಲ್ಲವಂತೆ. “ಒಂದು ಗೀರು ಬಿದ್ದದ್ದಕ್ಕೆ ಇಷ್ಟು ರಂಪವೇ?” ಎಂದು ಪಕ್ಕದಲ್ಲಿದ್ದವರು ಗೊಣಗಿದರು. ಸುಳ್ಳೇಕೆ ಹೇಳಬೇಕು, ನಾವೂ ಗೊಣಗಿದೆವು. ಆಮೇಲೆ ಈ ವಿಷಯವನ್ನು ಓದಿ ತಿಳಿದುಕೊಂಡಾಗ ನಮಗೆ ನಾಚಿಕೆಯಾಯಿತು.

ವಿಮಾನಕ್ಕೆ ಅಪಾಯವೆಲ್ಲ ಆಕಾಶದಲ್ಲಿಯೇ ಎಂದು ನಮ್ಮ ಎಣಿಕೆ. ಆದರೆ ಅದು ನೆಲಕ್ಕಿಳಿದು ನಿಂತಿತೋ ಇಲ್ಲವೋ, ಮದುವೆಮನೆಯ ಮುಂದೆ ಬಂಡಿಗಳು ಮುತ್ತಿದಂತೆ ಗಾಡಿಗಳು ಮುತ್ತುತ್ತವೆ: ಏಣಿಯ ಗಾಡಿ, ಇಂಧನದ ಗಾಡಿ, ಊಟದ ಗಾಡಿ, ಪೆಟ್ಟಿಗೆಗಳ ಗಾಡಿ. ಎಲ್ಲರಿಗೂ ಅವಸರ. ವಿಮಾನ ಬೇಗ ಮತ್ತೆ ಹಾರಬೇಕು. ಚಾಲಕರಿಗೆ ಹಗಲೂ ಪಾಳಿ, ಇರುಳೂ ಪಾಳಿ.

2015ರ ಡಿಸೆಂಬರಿನಲ್ಲಿ ಕೋಲ್ಕತ್ತದಲ್ಲಿ ಬಸ್ಸೊಂದು ನಿಂತಿದ್ದ ವಿಮಾನಕ್ಕೆ ಗುದ್ದಿತು. 2022ರ ಆಗಸ್ಟಿನಲ್ಲಿ ದೆಹಲಿಯಲ್ಲಿ ಕಾರೊಂದು ವಿಮಾನದ ಮೂತಿಯಡಿ ನುಗ್ಗಿ, ಮುಂದಿನ ಚಕ್ರಕ್ಕೆ ತಗುಲುವುದು ಸ್ವಲ್ಪದರಲ್ಲಿ ತಪ್ಪಿತು. 2025ರ ಏಪ್ರಿಲ್ 18ರಂದು ನಮ್ಮ ಬೆಂಗಳೂರಿನಲ್ಲಿಯೇ, ಇಂಜಿನ್ ರಿಪೇರಿಗಾಗಿ ನಿಲ್ಲಿಸಿದ್ದ ವಿಮಾನಕ್ಕೆ ಟೆಂಪೊ ಟ್ರಾವೆಲರ್ ಡಿಕ್ಕಿ ಹೊಡೆಯಿತು. ಇವೆಲ್ಲ ಹತ್ತು ಜನ ಕಂಡ ಸಂಗತಿಗಳು. ಕಂಡ ಪೆಟ್ಟಿಗೆ ಮದ್ದುಂಟು. ಕಾಣದ ಪೆಟ್ಟಿನ ಗತಿ ಏನು?

ಅದಕ್ಕೆ ಅಮೆರಿಕದ ಒಂದು ಘಟನೆಯನ್ನು ಕೇಳಿ. 2005ರ ಡಿಸೆಂಬರ್ 26ರಂದು ಸಿಯಾಟಲ್‌ನಿಂದ ಅಲಾಸ್ಕಾ ಏರ್‌ಲೈನ್ಸಿನ ವಿಮಾನವೊಂದು ಹೊರಟಿತು. ಸುಮಾರು 26,000 ಅಡಿ ಎತ್ತರದಲ್ಲಿ ಅದರ ಮೈಯಲ್ಲಿ ತೂತು ಬಿದ್ದು, ಒಳಗಿನ ಗಾಳಿಯೊತ್ತಡ ಇಳಿದುಹೋಯಿತು. ತೂತು ಒಂದಡಿ ಉದ್ದ, ಅರ್ಧ ಅಡಿ ಅಗಲ. ಪುಣ್ಯಕ್ಕೆ ವಿಮಾನ ಹಿಂತಿರುಗಿ ಸುರಕ್ಷಿತವಾಗಿ ಇಳಿಯಿತು. ವಿಚಾರಣೆಯಲ್ಲಿ ತಿಳಿದದ್ದಿಷ್ಟು: ನೆಲದ ಮೇಲಿದ್ದಾಗ ಕೆಲಸಗಾರನೊಬ್ಬನ ಗಾಡಿ ವಿಮಾನಕ್ಕೆ ತಗುಲಿತ್ತು, ಆತ ಅದನ್ನು ಯಾರಿಗೂ ಹೇಳಿರಲಿಲ್ಲ. ನೆಲದ ಮೇಲೆ ಬರಿಯ ನೆಗ್ಗು; ಮೇಲೇರಿ ಒಳಗಿನ ಗಾಳಿ ಒತ್ತಿದಾಗ ಅದೇ ಬಾಯಿಬಿಟ್ಟಿತು. ಬೋಯಿಂಗ್ 787ರಂಥ ಹೊಸ ವಿಮಾನಗಳ ಮೈ ಲೋಹದ್ದಲ್ಲ, ಇಂಗಾಲದ ನಾರಿನ ಪದರಗಳದ್ದು. ಅಲ್ಲಿ ಪೆಟ್ಟು ಬಿದ್ದರೆ ಹೊರಗೆ ಏನೂ ಕಾಣದೆ ಒಳಪದರಗಳು ಬಿಟ್ಟುಕೊಂಡಿರಬಹುದು. ಅಂಥ ಕಡೆ ತಗುಲಿಸಿದವನ ಬಾಯಿಮಾತೇ ಮೊದಲ ಸಾಕ್ಷಿ.

ಇದನ್ನೋದಿದಾಗ ನಮ್ಮ ಮನೆಯ ಭರಣಿಯೊಂದು ನೆನಪಾಯಿತು. ಊರಿನಿಂದ ಜತನವಾಗಿ ತಂದ ಮಾವಿನಮಿಡಿ ಉಪ್ಪಿನಕಾಯಿ ಅದರಲ್ಲಿತ್ತು. ಹುಡುಗ ಚೆಂಡಾಟದಲ್ಲಿ ಅದಕ್ಕೆ ಒದ್ದು, ಒರೆಸಿ, ಸುಮ್ಮನಿದ್ದುಬಿಟ್ಟ. ಕೂದಲೆಳೆಯಷ್ಟು ಬಿರುಕು. ತಿಂಗಳು ಕಳೆದು ಮುಚ್ಚಳ ತೆಗೆದರೆ ರಸ ಸೋರಿ, ಮಿಡಿಗೆಲ್ಲ ಬೂಷ್ಟು ಹಿಡಿದಿತ್ತು.

“ಆಗಲೇ ಹೇಳಿದ್ದರೆ ಬೇರೆ ಭರಣಿಗೆ ಹಾಕ್ತಿದ್ದೆನಲ್ಲೋ!” ಎಂದರು ಅಜ್ಜಿ.

“ಬೈತೀಯ ಅಂತ ಹೇಳಲಿಲ್ಲ ಅಜ್ಜಿ” ಎಂದ ಹುಡುಗ.

ಅಜ್ಜಿ ಮುಂದೆ ಮಾತಾಡಲಿಲ್ಲ. ನಾವೂ ಆಡಲಿಲ್ಲ. ತಪ್ಪು ಹುಡುಗನದಷ್ಟೇ ಆಗಿರಲಿಲ್ಲ.

ನಿದ್ದೆಗೆಟ್ಟ ಚಾಲಕ ವಿಮಾನಕ್ಕೆ ಗಾಡಿ ತಗುಲಿಸಿದಾಗ ಅವನ ಕಣ್ಣಮುಂದೆ ಬರುವುದು ಹೋಗಲಿರುವ ನೌಕರಿ, ಮನೆಯ ಬಾಡಿಗೆ, ಮಕ್ಕಳ ಫೀಸು. ಪರವೂರಿನಲ್ಲಿ ದುಡಿದು ತಿನ್ನುವ ನಮಗೆ ಆ ಭಯ ಹೊಸದೇ? ಅಜಾಗರೂಕತೆಗೆ ಶಿಕ್ಷೆ ಇರಲಿ. ಆದರೆ ತಾನಾಗಿ ಬಂದು “ತಗುಲಿತು ಸ್ವಾಮಿ” ಎಂದವನ ಹೊಟ್ಟೆಯ ಮೇಲೆ ಹೊಡೆದರೆ, ನಾಳೆ ಇನ್ನೊಬ್ಬ ಬಾಯಿ ಬಿಡುವನೇ?

ಆ ದಿನ ನಮ್ಮನ್ನು ಎರಡು ಗಂಟೆ ಕಾಯಿಸಿದವನು ಯಾರೋ ನಾವರಿಯೆವು. ಅವನು ತಾನಾಗಿಯೇ ಹೇಳಿದ್ದರೆ, ಅವನಿಗೆ ನಮ್ಮದೊಂದು ನಮಸ್ಕಾರ.