ಹಳೆಯ ಯಂತ್ರದ ಮೋಹ, ರಿಪೇರಿಯ ವಿವೇಕ

ಕಳೆದುಹೋದ ಕಾಲದ ವಸ್ತುಗಳಿಗಾಗಿ ಹಂಬಲಿಸುವುದು ಮನುಷ್ಯಸಹಜ. ತಾಮ್ರದ ಹಂಡೆ, ಗ್ರಾಮಫೋನು, ನಾಣ್ಯ, ಅಂಚೆಚೀಟಿಗಳನ್ನು ಕೂಡಿಡುವವರನ್ನು ಕಂಡು ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಮನೆಯ ಕಸ ಹೀರುವ ಯಂತ್ರವನ್ನು, ಅಂದರೆ ವ್ಯಾಕ್ಯೂಮ್ ಕ್ಲೀನರನ್ನು, ಹತ್ತಾರು ಸಂಖ್ಯೆಯಲ್ಲಿ ಸಂಗ್ರಹಿಸಿ, ಬಿಚ್ಚಿ, ಒರೆಸಿ, ಎಣ್ಣೆ ಹಾಕಿ, ಮತ್ತೆ ಓಡುವಂತೆ ಮಾಡಿ ಸಂತೋಷಪಡುವವರಿದ್ದಾರೆ ಎಂದರೆ ನಗು ಬರುವುದು ಸಹಜ. ಅಮೆರಿಕ ಮತ್ತು ಬ್ರಿಟನ್ನುಗಳಲ್ಲಿ ಇಂಥ ಸಂಗ್ರಾಹಕರದೇ ಒಂದು ಬಳಗವಿದೆ. ನಕ್ಕು ಮರೆತುಬಿಡುವ ಮುನ್ನ ಈ ಜನರು ಕಾಪಾಡುತ್ತಿರುವುದು ಏನನ್ನು ಎಂದು ವಿಚಾರ ಮಾಡುವುದು ಒಳ್ಳೆಯದು. ಬಳಸಿ ಬಿಸಾಡುವ ಸಂಸ್ಕೃತಿಯನ್ನು ಪ್ರಶ್ನಿಸುವ ಪ್ರತಿಯೊಬ್ಬರಿಗೂ ಅವರ ಹವ್ಯಾಸದಲ್ಲಿ ಒಂದು ಪಾಠವಿದೆ.

ಈ ಯಂತ್ರದ ಕಥೆ ಆರಂಭವಾಗುವುದು ಲಂಡನ್ನಿನಲ್ಲಿ. 1901ರಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್, ಗಾಳಿಯನ್ನು ಊದಿ ಧೂಳೆಬ್ಬಿಸುವ ಬದಲು ಗಾಳಿಯೊಂದಿಗೆ ಧೂಳನ್ನು ಒಳಕ್ಕೆ ಸೆಳೆದು ಬಟ್ಟೆಯಲ್ಲಿ ಸೋಸಿ ಹಿಡಿಯುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಅವನ ಯಂತ್ರ ಮನೆಯೊಳಗೆ ಹಿಡಿಸುವಂಥದ್ದಲ್ಲ. ಪೆಟ್ರೋಲ್ ಎಂಜಿನ್ನಿನಿಂದ ನಡೆಯುತ್ತಿದ್ದ ಆ ಭಾರಿ ಪಂಪನ್ನು ಕುದುರೆಗಾಡಿಯ ಮೇಲೆ ಹೇರಿ ಬೀದಿಯಲ್ಲಿ ನಿಲ್ಲಿಸುತ್ತಿದ್ದರು. ಅಲ್ಲಿಂದ ಉದ್ದನೆಯ ಕೊಳವೆಗಳನ್ನು ಕಿಟಕಿಗಳ ಮೂಲಕ ಒಳಗೆ ಎಳೆದು ರತ್ನಗಂಬಳಿಗಳ ಧೂಳು ತೆಗೆಯುತ್ತಿದ್ದರು. 1902ರಲ್ಲಿ ಏಳನೇ ಎಡ್ವರ್ಡನ ಪಟ್ಟಾಭಿಷೇಕಕ್ಕಾಗಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಗಂಬಳಿಗಳನ್ನು ಶುಚಿಗೊಳಿಸಿದ ಬಳಿಕ ಬೂತ್‌ನ ಯಂತ್ರಕ್ಕೆ ಕೀರ್ತಿ ಬಂದಿತು. ಅದು ಶ್ರೀಮಂತರ ಸೌಕರ್ಯವಾಗಿತ್ತು, ನಿಜ. ಆದರೂ ಅದರಲ್ಲಿ ಗಮನಿಸತಕ್ಕ ಒಂದು ಅಂಶವಿತ್ತು: ಒಂದೇ ಯಂತ್ರ ಹಲವು ಮನೆಗಳಿಗೆ ಸೇವೆ ಸಲ್ಲಿಸುತ್ತಿತ್ತು. ಅಡಿಕೆ ಸುಲಿಯುವ ಯಂತ್ರ ಇಂದು ಬಾಡಿಗೆಗೆ ಮನೆಯಿಂದ ಮನೆಗೆ ಹೋಗುವಂತೆಯೇ ಅದೂ ಹೋಗುತ್ತಿತ್ತು.

ಮನೆಗೊಂದು ಯಂತ್ರ ಎಂಬ ಕಲ್ಪನೆ ಬಂದದ್ದು ಅಮೆರಿಕದ ಒಹಾಯೋ ರಾಜ್ಯದಿಂದ. ಕ್ಯಾಂಟನ್ ಪಟ್ಟಣದಲ್ಲಿ ಕಟ್ಟಡವೊಂದರ ಕಸ ಗುಡಿಸುವ ಕೆಲಸದಲ್ಲಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್‌ಗೆ ಉಬ್ಬಸದ ಕಾಯಿಲೆ ಇತ್ತು. ಗುಡಿಸಿದಷ್ಟೂ ಏಳುವ ಧೂಳು ಅವನ ಉಸಿರಿಗೇ ಸಂಚಕಾರವಾಗಿತ್ತು. 1907ರಲ್ಲಿ ಅವನು ಫ್ಯಾನಿನ ಮೋಟಾರು, ಸೋಪಿನ ಪೆಟ್ಟಿಗೆ, ಪೊರಕೆಯ ಹಿಡಿ ಮತ್ತು ದಿಂಬಿನ ಚೀಲಗಳನ್ನು ಜೋಡಿಸಿ, ಕೈಯಲ್ಲಿ ತಳ್ಳಬಹುದಾದ ವಿದ್ಯುತ್ ಯಂತ್ರವೊಂದನ್ನು ಕಟ್ಟಿದನು. 1908ರಲ್ಲಿ ಅದಕ್ಕೆ ಹಕ್ಕುಪತ್ರ ದೊರೆಯಿತು. ಸಮೀಪದಲ್ಲೇ ಚರ್ಮದ ಸರಕು ತಯಾರಿಸುತ್ತಿದ್ದ ವಿಲಿಯಂ ಹೂವರ್ ಅದರ ಹಕ್ಕನ್ನು ಕೊಂಡು ಅದೇ ವರ್ಷ ‘ಮಾಡೆಲ್ ಓ’ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದನು. ಬ್ರಿಟನ್ನಿನಲ್ಲಿ ಮುಂದೆ ‘ಹೂವರ್’ ಎಂಬ ಹೆಸರೇ ಮನೆ ಶುಚಿಗೊಳಿಸುವುದಕ್ಕೆ ಕ್ರಿಯಾಪದವಾಯಿತು. ಕೈಗೆ ಸಿಕ್ಕ ವಸ್ತುಗಳಿಂದ ತನ್ನ ಕಷ್ಟಕ್ಕೆ ತಾನೇ ಪರಿಹಾರ ಕಂಡುಕೊಂಡ ಒಬ್ಬ ಶ್ರಮಜೀವಿಯ ಜಾಣ್ಮೆ ಈ ಇಡೀ ಉದ್ಯಮದ ಬೇರಿನಲ್ಲಿದೆ.

ಸಂಗ್ರಾಹಕರು ಹೆಚ್ಚಾಗಿ ಮನಸೋಲುವುದು ಇದರ ನಂತರದ ಅರ್ಧ ಶತಮಾನದ ಯಂತ್ರಗಳಿಗೆ. 1921ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿ ನೆಲದ ಮೇಲೆ ಜಾರುಬಂಡಿಯಂತೆ ಎಳೆದೊಯ್ಯಬಹುದಾದ ಉರುಳೆಯಾಕಾರದ ‘ಮಾಡೆಲ್ ಐದು’ ತಂದಿತು. 1936ರಲ್ಲಿ ಪ್ರಸಿದ್ಧ ವಿನ್ಯಾಸಕಾರ ಹೆನ್ರಿ ಡ್ರೈಫಸ್ ರೂಪಿಸಿದ ಹೂವರ್ ‘150’, ಮರುವರ್ಷ ಲೂರೆಲ್ ಗಿಲ್ಡ್ ರೂಪಿಸಿದ ಎಲೆಕ್ಟ್ರೋಲಕ್ಸ್ ‘ಮೂವತ್ತು’ ಹೊರಬಂದವು. 1950ರ ದಶಕದ ಮಧ್ಯದಲ್ಲಿ ಚೆಂಡಿನಂತೆ ಗುಂಡಗಿದ್ದ ಹೂವರ್ ‘ಕಾನ್‌ಸ್ಟೆಲೇಷನ್’ ಬಂದಿತು. ಅದರ ವಿಶೇಷವೆಂದರೆ, ಹೊರಬಿಡುವ ಗಾಳಿಯ ಮೆತ್ತೆಯ ಮೇಲೆಯೇ ನೆಲದಿಂದ ಕೊಂಚ ಮೇಲೆದ್ದು ತೇಲುವಂತೆ ಅದನ್ನು ಆಮೇಲೆ ಮಾರ್ಪಡಿಸಲಾಯಿತು. ಬಾಹ್ಯಾಕಾಶದ ಕನಸು ಜನರ ಮನಸ್ಸನ್ನು ಆವರಿಸಿದ್ದ ಆ ಕಾಲದಲ್ಲಿ ಕಸ ಹೊಡೆಯುವ ಯಂತ್ರವೂ ಗ್ರಹದ ವೇಷ ತೊಟ್ಟಿತು.

ಈ ಸಂಗ್ರಾಹಕರಲ್ಲಿ ಹೆಸರಾದವರು ಸ್ಟ್ಯಾನ್ ಕಾನ್ (1924–2008). ಸೇಂಟ್ ಲೂಯಿಸ್ ನಗರದ ಫಾಕ್ಸ್ ರಂಗಮಂದಿರದಲ್ಲಿ ಆರ್ಗನ್ ವಾದ್ಯ ನುಡಿಸುತ್ತಿದ್ದ ಅವರು ಹಳೆಯ ವ್ಯಾಕ್ಯೂಮ್ ಕ್ಲೀನರುಗಳನ್ನು ಜಾನಿ ಕಾರ್ಸನ್‌ರ ಪ್ರಖ್ಯಾತ ದೂರದರ್ಶನ ಕಾರ್ಯಕ್ರಮಕ್ಕೆ ಒಯ್ದು, ಅವು ಹಟ ಹಿಡಿದಾಗಲೂ ಪ್ರೇಕ್ಷಕರನ್ನು ನಗಿಸಿದರು. 1980ರ ದಶಕದಲ್ಲಿ ಅಮೆರಿಕದ ಸಂಗ್ರಾಹಕರು ತಮ್ಮದೇ ಸಂಘವನ್ನು ಕಟ್ಟಿಕೊಂಡಾಗ ಅದರ ಮುಂದಾಳುಗಳಲ್ಲಿ ಕಾನ್ ಒಬ್ಬರು. ಮಿಸ್ಸೌರಿ ರಾಜ್ಯದ ಸೇಂಟ್ ಜೇಮ್ಸ್ ಎಂಬ ಸಣ್ಣ ಊರಿನಲ್ಲಿ ಈ ಯಂತ್ರಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯವೂ ಹುಟ್ಟಿಕೊಂಡಿತು.

ಇವರನ್ನು ಈ ಯಂತ್ರಗಳತ್ತ ಎಳೆಯುವುದು ಏನು? ಬಹಳ ಮಂದಿಗೆ ಅದು ಬಾಲ್ಯದ ನೆನಪು. ಅಜ್ಜಿಯ ಮನೆಯ ಯಂತ್ರದ ಏರುತ್ತ ಹೋಗುವ ಸದ್ದು, ಬಿಸಿಯಾದ ಮೋಟಾರು ಮತ್ತು ಬಟ್ಟೆಯ ಚೀಲದ ಬೆರೆತ ವಾಸನೆ, ಕತ್ತಲ ಮೂಲೆಯಲ್ಲಿ ಹೊತ್ತುವ ಪುಟ್ಟ ದೀಪ—ಇವೆಲ್ಲ ಒಬ್ಬ ಮಗುವಿನ ಮನಸ್ಸಿನಲ್ಲಿ ಅಚ್ಚೊತ್ತಿ ನಿಲ್ಲುತ್ತವೆ. ಆದರೆ ನೆನಪು ಅವರನ್ನು ಯಂತ್ರದ ಬಳಿಗೆ ತರುತ್ತದೆಯೇ ಹೊರತು ಅಲ್ಲಿಯೇ ಉಳಿಸುವುದಿಲ್ಲ. ಉಳಿಸುವುದು ಕೈಕೆಲಸ. ಹಳೆಯ ಯಂತ್ರದ ಕವಚವನ್ನು ಕೆಲವು ಸ್ಕ್ರೂಗಳನ್ನು ಬಿಚ್ಚಿ ತೆಗೆಯಬಹುದು. ಒಳಗೆ ಎಲ್ಲವೂ ಕಣ್ಣಿಗೆ ಕಾಣುವಂತಿದೆ: ಮೋಟಾರು, ಅದರ ತುದಿಗೆ ಗಾಳಿಚಕ್ರ, ಬ್ರಷ್ಷಿನ ಉರುಳೆಯನ್ನು ತಿರುಗಿಸುವ ರಬ್ಬರ್ ಬೆಲ್ಟು, ಧೂಳು ಸೋಸುವ ಚೀಲ. ಸವೆಯುವ ಭಾಗಗಳಾದ ಕಾರ್ಬನ್ ಬ್ರಷ್, ಬೇರಿಂಗು, ಬೆಲ್ಟುಗಳನ್ನು ಬದಲಿಸಬಹುದು. ಸುಟ್ಟುಹೋದ ತಂತಿಯ ಸುರುಳಿಯನ್ನು ಹೊಸದಾಗಿ ಸುತ್ತಬಹುದು. ಪಂಪ್‌ಸೆಟ್ಟಿನ ಮೋಟಾರನ್ನು ರೀವೈಂಡಿಂಗಿಗೆ ಒಯ್ದ ಪ್ರತಿಯೊಬ್ಬ ಕೃಷಿಕನಿಗೂ ಅರ್ಥವಾಗುವ ವಿದ್ಯೆ ಇದು. ತಾನು ಬಳಸುವ ವಸ್ತುವಿನ ಒಳಗನ್ನು ತಾನೇ ತಿಳಿಯಬಲ್ಲೆ ಎಂಬ ಆತ್ಮವಿಶ್ವಾಸವೇ ಈ ಸಂಗ್ರಾಹಕರ ನಿಜವಾದ ಗಳಿಕೆ. ಅವರು ಉಳಿಸಿಕೊಂಡಿರುವುದು ಲೋಹವನ್ನಷ್ಟೇ ಅಲ್ಲ, ರಿಪೇರಿಯ ಜ್ಞಾನವನ್ನು.

ಹಾಗೆಂದು ಹಳತೆಲ್ಲ ಹೊನ್ನು ಎಂದು ಕೊಂಡಾಡುವುದು ವಿಜ್ಞಾನಕ್ಕೆ ಒಪ್ಪುವ ಮಾತಲ್ಲ. ಎಂಬತ್ತು ವರ್ಷ ಬಾಳಿದ ಯಂತ್ರವನ್ನು ಕಂಡು ಆ ಕಾಲದ ಎಲ್ಲ ಯಂತ್ರಗಳೂ ಹೀಗೆಯೇ ಗಟ್ಟಿಯಾಗಿದ್ದವು ಎನ್ನುವುದು ತಪ್ಪು ತರ್ಕ. ಕೆಟ್ಟವು ಎಂದೋ ಗುಜರಿ ಸೇರಿವೆ, ಗಟ್ಟಿಯಾದವು ಮಾತ್ರ ಇಂದು ಕಣ್ಣೆದುರು ನಿಂತಿವೆ. ಹಳೆಯ ಬಟ್ಟೆಚೀಲಗಳು ದಪ್ಪ ಧೂಳನ್ನು ಹಿಡಿದರೂ ಶ್ವಾಸಕೋಶಕ್ಕೆ ಹೆಚ್ಚು ಅಪಾಯಕಾರಿಯಾದ ಸೂಕ್ಷ್ಮ ಕಣಗಳನ್ನು ಮತ್ತೆ ಕೋಣೆಗೇ ಬಿಡುತ್ತಿದ್ದವು. ಇಂದಿನ ಉತ್ತಮ ಸೋಸುಕಗಳು ಈ ವಿಷಯದಲ್ಲಿ ಬಹಳ ಮೇಲು. ಮುಪ್ಪಾದ ರಬ್ಬರ್ ಹೊದಿಕೆಯ ತಂತಿಗಳು ಪ್ರಾಣಕ್ಕೇ ಎರವಾಗಬಲ್ಲವು.

ಇನ್ನೂ ಒಂದು ಸತ್ಯವನ್ನು ಈ ನೆನಪಿನ ಹಂಬಲ ಸುಲಭವಾಗಿ ಮುಚ್ಚಿಬಿಡುತ್ತದೆ. ಆ ಕಾಲದ ಜಾಹೀರಾತುಗಳಲ್ಲಿ ಯಂತ್ರ ಹಿಡಿದು ನಗುತ್ತ ನಿಂತವಳು ಹೆಂಗಸು. ಯಂತ್ರ ಅವಳ ದುಡಿಮೆಯನ್ನು ಇಳಿಸುತ್ತದೆ ಎಂಬುದು ಆ ಜಾಹೀರಾತುಗಳ ಭರವಸೆ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ತೋರಿಸಿಕೊಟ್ಟದ್ದು ಬೇರೆಯೇ ಚಿತ್ರ. ಮೊದಲು ಗಂಬಳಿಯನ್ನು ಅಂಗಳಕ್ಕೆ ಒಯ್ದು ಬಡಿಯುವ ಕೆಲಸದಲ್ಲಿ ಗಂಡಸರು, ಮಕ್ಕಳು, ಆಳುಗಳು ಸೇರುತ್ತಿದ್ದರು. ಯಂತ್ರ ಬಂದ ಮೇಲೆ ಆ ಕೆಲಸ ಗೃಹಿಣಿಯೊಬ್ಬಳ ಪಾಲಾಯಿತು, ಶುಚಿತ್ವದ ಅಳತೆಗೋಲೂ ಏರಿತು. ಬೆವರು ಕಡಿಮೆಯಾಗಿರಬಹುದು, ಬಿಡುವು ಹೆಚ್ಚಲಿಲ್ಲ. ಆದ್ದರಿಂದ ಹಿಂದಿನ ಕಾಲಕ್ಕೆ ಮರಳೋಣ ಎಂಬುದು ಇಲ್ಲಿಯ ವಾದವಲ್ಲ. ಹಿಂದಿನ ಕಾಲದಿಂದ ಯಾವುದನ್ನು ಆಯ್ದುಕೊಳ್ಳಬೇಕು ಎಂಬುದೇ ಪ್ರಶ್ನೆ.

ಆಯ್ದುಕೊಳ್ಳಬೇಕಾದದ್ದು ರಿಪೇರಿಗೆ ಒಗ್ಗುವ ಗುಣ. ಅದು ತಾನಾಗಿ ಕಣ್ಮರೆಯಾಗಲಿಲ್ಲ. ಬೇಗ ಹಳತಾಗುವ ವಸ್ತುಗಳನ್ನು ತಯಾರಿಸಿ ಮಾರಾಟವನ್ನು ಜೀವಂತವಾಗಿಡುವ ತಂತ್ರವನ್ನು ವ್ಯಾನ್ಸ್ ಪ್ಯಾಕರ್ಡ್ 1960ರಷ್ಟು ಹಿಂದೆಯೇ ಬಯಲಿಗೆಳೆದಿದ್ದರು. ಕೊಳ್ಳುಬಾಕತನ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ 1992ರ ಬ್ರಿಟನ್ ಸಾಕ್ಷಿ. 100 ಪೌಂಡಿನ ಸರಕು ಕೊಂಡರೆ ಎರಡು ವಿಮಾನದ ಟಿಕೆಟ್ ಉಚಿತ ಎಂದು ಹೂವರ್ ಕಂಪನಿಯ ಬ್ರಿಟಿಷ್ ಶಾಖೆ ಸಾರಿದಾಗ, ಟಿಕೆಟ್ಟಿನ ಆಸೆಗೆ ಜನ ಬೇಡದ ಯಂತ್ರಗಳನ್ನು ಮುಗಿಬಿದ್ದು ಕೊಂಡರು. ಕಂಪನಿಗೆ ಸುಮಾರು 5 ಕೋಟಿ ಪೌಂಡ್ ನಷ್ಟವಾಯಿತು. 1995ರಲ್ಲಿ ಅದರ ಯುರೋಪಿನ ವ್ಯವಹಾರ ಇಟಲಿಯ ಕಂಪನಿಯ ಕೈಸೇರಿತು. ಒಹಾಯೋದ ನಾರ್ತ್ ಕ್ಯಾಂಟನ್ನಿನಲ್ಲಿದ್ದ ಹೂವರ್ ಕಾರ್ಖಾನೆಯೂ 2007ರಲ್ಲಿ ಬಾಗಿಲು ಮುಚ್ಚಿತು. ಗಟ್ಟಿ ಯಂತ್ರಗಳನ್ನು ಕಟ್ಟುತ್ತಿದ್ದ ಕೈಗಳು ಚದುರಿಹೋದವು.

ಹೆಚ್ಚು ವಿದ್ಯುತ್ ನುಂಗುವ ಯಂತ್ರವೇ ಹೆಚ್ಚು ಶುಚಿಗೊಳಿಸುತ್ತದೆ ಎಂಬ ಭ್ರಮೆಯೂ ಇದೇ ಮಾರುಕಟ್ಟೆಯ ಕೊಡುಗೆ. ವ್ಯಾಟ್ ಎನ್ನುವುದು ಯಂತ್ರ ನುಂಗುವ ವಿದ್ಯುತ್ತಿನ ಅಳತೆಯೇ ಹೊರತು ಅದು ಮಾಡುವ ಕೆಲಸದ ಅಳತೆಯಲ್ಲ. ಐರೋಪ್ಯ ಒಕ್ಕೂಟ 2014ರ ಸೆಪ್ಟೆಂಬರಿನಿಂದ 1600 ವ್ಯಾಟಿಗೂ, 2017ರ ಸೆಪ್ಟೆಂಬರಿನಿಂದ 900 ವ್ಯಾಟಿಗೂ ಮಿತಿ ಹಾಕಿತು. ಮೋಟಾರು ಕನಿಷ್ಠ 500 ಗಂಟೆ ಬಾಳಬೇಕೆಂಬ ನಿಯಮವೂ ಬಂದಿತು. ವಾರಕ್ಕೊಂದು ಗಂಟೆ ಬಳಸಿದರೆ ಇದು ಸುಮಾರು ಹತ್ತು ವರ್ಷದ ಆಯುಸ್ಸು. ಮೊದಲ ಮಿತಿ ಜಾರಿಗೆ ಬರುವ ಮುನ್ನ ಬ್ರಿಟನ್ನಿನ ಗ್ರಾಹಕರು ಹೆಚ್ಚು ವ್ಯಾಟಿನ ಯಂತ್ರಗಳಿಗಾಗಿ ಅಂಗಡಿಗಳಿಗೆ ಧಾವಿಸಿದ್ದರು ಎಂಬುದು ಆ ಭ್ರಮೆಯ ಆಳವನ್ನು ತೋರಿಸುತ್ತದೆ. ಈಗ ತಂತಿಯಿಲ್ಲದ, ಬ್ಯಾಟರಿಯ ಯಂತ್ರಗಳ ಕಾಲ. ಬ್ಯಾಟರಿ ಸೋತ ದಿನ, ಬದಲಿ ಸಿಗದಿದ್ದರೆ, ಮೋಟಾರು ಸರಿಯಿದ್ದರೂ ಇಡೀ ಯಂತ್ರ ಕಸವಾಗುತ್ತದೆ.

ಆ ಕಸದ ಗಾತ್ರ ಚಿಕ್ಕದಲ್ಲ. ವಿಶ್ವಸಂಸ್ಥೆಯ 2024ರ ವರದಿಯಂತೆ 2022ನೇ ಇಸವಿಯೊಂದರಲ್ಲೇ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಹುಟ್ಟಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇಕಡಾ 22.3 ಮಾತ್ರ. ಇದಕ್ಕೆ ಎದುರಾಗಿ ಜನರಿಂದಲೇ ಎದ್ದ ಪ್ರಯತ್ನಗಳಿವೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬ ಮಹಿಳೆ ಆರಂಭಿಸಿದ ‘ರಿಪೇರಿ ಕೆಫೆ’ಯಲ್ಲಿ ನೆರೆಹೊರೆಯವರು ಕೆಟ್ಟ ವಸ್ತುಗಳನ್ನು ತಂದು, ಬಲ್ಲವರ ಜೊತೆ ಕುಳಿತು ಸರಿಪಡಿಸಿಕೊಳ್ಳುತ್ತಾರೆ, ಅದು ಇಂದು ಹಲವು ದೇಶಗಳಿಗೆ ಹಬ್ಬಿದೆ. 2024ರಲ್ಲಿ ಐರೋಪ್ಯ ಒಕ್ಕೂಟ ರಿಪೇರಿಯ ಹಕ್ಕಿನ ನಿರ್ದೇಶನವನ್ನು ಅಂಗೀಕರಿಸಿತು. ಅದರ ಪಟ್ಟಿಯಲ್ಲಿ ವ್ಯಾಕ್ಯೂಮ್ ಕ್ಲೀನರೂ ಇದೆ. ನಾಲ್ಕು ದಶಕಗಳ ಹಿಂದೆ ಜನ ನಕ್ಕಿದ್ದ ಹವ್ಯಾಸಿಗಳ ವಿವೇಕ ಕೊನೆಗೆ ಕಾನೂನಿನ ಭಾಷೆಗೆ ಬಂದಂತಾಯಿತು.

ಭಾರತಕ್ಕೂ ಈ ಕಥೆಯ ಒಂದು ಎಳೆ ಬಂದು ಸೇರಿದೆ. 1982ರಲ್ಲಿ ಎಲೆಕ್ಟ್ರೋಲಕ್ಸ್ ಸಹಭಾಗಿತ್ವದಲ್ಲಿ ಹುಟ್ಟಿದ ಯುರೇಕಾ ಫೋರ್ಬ್ಸ್ ಕಂಪನಿ ಮನೆಮನೆಗೆ ಮಾರಾಟಗಾರರನ್ನು ಕಳಿಸಿ ನಗರದ ಮಧ್ಯಮವರ್ಗಕ್ಕೆ ಈ ಯಂತ್ರವನ್ನು ಪರಿಚಯಿಸಿತು. ಸಗಣಿ ಸಾರಿಸಿದ ಅಂಗಳಕ್ಕೂ ಸಿಮೆಂಟಿನ ಜಗಲಿಗೂ ಹಿಡಿಸೂಡಿಯೇ ಸಾಕಾದ ಗುಡ್ಡದ ಊರುಗಳಿಗೆ ಅದು ಅಷ್ಟಾಗಿ ಬೇಕಾಗಲಿಲ್ಲ. ಆದರೆ ಅದರ ಹಿಂದಿನ ಪ್ರಶ್ನೆ ಗುಡ್ಡವನ್ನು ಎಂದೋ ಹತ್ತಿದೆ. ಬ್ಯಾಟರಿಯ ಸ್ಪ್ರೇಯರು, ಕಳೆ ಕೊಚ್ಚುವ ಯಂತ್ರ, ಮಿಕ್ಸಿ, ಮೊಬೈಲು, ಸೌರದೀಪಗಳು ಇಂದು ಪ್ರತಿ ಮನೆಯಲ್ಲೂ ಉಂಟು. ಇವು ಕೆಟ್ಟ ಮೇಲೆ ಎಲ್ಲಿಗೆ ಹೋಗುತ್ತವೆ? ಕೊಟ್ಟಿಗೆಯ ಅಟ್ಟಕ್ಕೆ, ಇಲ್ಲವೇ ಹಳ್ಳದ ದಂಡೆಗೆ. ಹಳ್ಳದ ನೀರು ಹೊಳೆಗೆ ಸೇರುವಾಗ ಬ್ಯಾಟರಿಯ ವಿಷವೂ ಜೊತೆಗೇ ಹೋಗುತ್ತದೆ.

ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗಾಗಿ ಅಂತರ್ಜಾಲ ತಾಣವೊಂದನ್ನು ತೆರೆಯಿತು. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ತ್ಯಾಜ್ಯದ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಇವು ಸ್ವಾಗತಾರ್ಹ. ಆದರೆ ಹಕ್ಕು ಕಾಗದದ ಮೇಲಿದ್ದು ಬಿಡಿಭಾಗ ಅಂಗಡಿಯಲ್ಲಿ ಸಿಗದಿದ್ದರೆ ಫಲವಿಲ್ಲ. ಬಿಡಿಭಾಗ ಸಿಕ್ಕಿಯೂ ಅದನ್ನು ಕೂರಿಸಬಲ್ಲವನು ಊರಿನಲ್ಲಿ ಇಲ್ಲದಿದ್ದರೆ ಅದೂ ವ್ಯರ್ಥ. ಪೇಟೆಯ ಮೂಲೆಯಲ್ಲಿ ಮೋಟಾರು ಸುತ್ತುವವನು, ರೇಡಿಯೋ ರಿಪೇರಿಯವನು, ಸ್ಟೋವ್ ಸರಿಮಾಡುವವನು ಪದವಿಪತ್ರವಿಲ್ಲದ ಪರಿಸರವಾದಿಗಳು. ಅವರ ಅಂಗಡಿ ಮುಚ್ಚಿದಾಗ ಒಂದು ಬಗೆಯ ಜ್ಞಾನವೇ ಮಣ್ಣುಪಾಲಾಗುತ್ತದೆ.

ಆದುದರಿಂದ ಕೊಳ್ಳುವಾಗ ಕೇಳಬೇಕಾದ ಮೂರು ಪ್ರಶ್ನೆಗಳಿವೆ. ಇದನ್ನು ಬಿಚ್ಚಬಹುದೇ? ಸವೆಯುವ ಭಾಗ ಐದು ವರ್ಷದ ನಂತರವೂ ಸಿಗುವುದೇ? ಇದನ್ನು ಸರಿಪಡಿಸಬಲ್ಲವರು ಹತ್ತಿರದಲ್ಲಿದ್ದಾರೆಯೇ? ನಾಲ್ಕು ಮನೆಗಳಿಗೆ ಒಂದೇ ಯಂತ್ರ ಸಾಕಾಗುವುದಾದರೆ ನಾಲ್ಕನ್ನು ಕೊಳ್ಳುವ ಅಗತ್ಯವೂ ಇಲ್ಲ. ವಿದ್ಯಾರ್ಥಿಗಳು ರಜೆಯಲ್ಲಿ ಊರಿನ ಒಬ್ಬ ಮೆಕ್ಯಾನಿಕನ ಬಳಿ ನಾಲ್ಕು ದಿನ ಕುಳಿತು, ಸ್ಕ್ರೂಡ್ರೈವರ್ ಹಿಡಿದು ಕಲಿತರೆ ಅದು ಪುಸ್ತಕದ ಪಾಠಕ್ಕಿಂತ ಕಡಿಮೆಯದ್ದೇನಲ್ಲ. ಶಾಲೆಗಳು, ಸಹಕಾರಿ ಸಂಘಗಳು, ಯುವಕ ಮಂಡಲಗಳು ವರ್ಷಕ್ಕೊಮ್ಮೆಯಾದರೂ ರಿಪೇರಿಯ ದಿನವನ್ನು ಏರ್ಪಡಿಸಬಹುದು.

ಉಬ್ಬಸದಿಂದ ಬಳಲಿದ ಕಸಗುಡಿಸುವವನೊಬ್ಬ ದಿಂಬಿನ ಚೀಲದಿಂದ ಕಟ್ಟಿದ ಯಂತ್ರವನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದಿತ್ತು, ಅರಿಯಬಹುದಿತ್ತು. ಅಂಥ ಯಂತ್ರಗಳನ್ನೇ ಕೇಳಿ ಪಡೆಯುವ ಗ್ರಾಹಕರು, ಅವನ್ನು ಸರಿಪಡಿಸಬಲ್ಲ ಕೈಗಳು—ಇವೆರಡೂ ಇರುವ ಊರಿನ ಹಳ್ಳದ ದಂಡೆ ಶುಚಿಯಾಗಿಯೇ ಇರುತ್ತದೆ.