ಉಣುಗಿನ ಒಡಲಲ್ಲಿ ಅಡಗಿದ್ದ ವೈರಿ

ದನಕರುಗಳ ಮೈಗೂ ನಾಯಿಯ ಕಿವಿಗೂ ಅಂಟಿಕೊಂಡು ರಕ್ತ ಹೀರುವ ಉಣುಗನ್ನು ಕಾಣದವರು ವಿರಳ. ಕಿತ್ತೆಸೆದರೆ ಅದರ ಕಥೆ ಮುಗಿಯಿತೆಂದೇ ಹಲವರ ಭಾವನೆ. ಅಷ್ಟು ಸಣ್ಣ ಜೀವಿಯ ಒಡಲಿನಿಂದ ಹೊಸದೊಂದು ರೋಗಾಣುವನ್ನು ಹೊರಗೆಳೆದ ಕಥೆ ಅಮೆರಿಕದ ಒಂದು ಪುಟ್ಟ ಊರಿನಲ್ಲಿ ಪ್ರಾರಂಭವಾಯಿತು. ಅದಕ್ಕೆ ನಾಂದಿ ಹಾಡಿದವರು ವಿಜ್ಞಾನಿಯಲ್ಲ, ಒಬ್ಬ ತಾಯಿ.

ಕನೆಕ್ಟಿಕಟ್ ಸಂಸ್ಥಾನದ ಲೈಮ್ ಎಂಬ ಊರಿನಲ್ಲಿದ್ದ ಪಾಲಿ ಮರೆಯವರ ಮನೆಯನ್ನು ಕಾಯಿಲೆ ವರ್ಷಗಟ್ಟಲೆ ಬಿಟ್ಟು ತೊಲಗಲಿಲ್ಲ. ಕೀಲುಗಳ ಬಾವು, ಜ್ವರ, ಚರ್ಮದ ಮೇಲೆ ಕೆಂಪು ಮಚ್ಚೆ—ಇಂದು ಒಬ್ಬರಿಗೆ, ನಾಳೆ ಮತ್ತೊಬ್ಬರಿಗೆ. ವೈದ್ಯರಿಗೆ ಕಾರಣ ಹೊಳೆಯಲಿಲ್ಲ. ಕೆಲವರು ಆಕೆಯ ಮಾತನ್ನೇ ಶಂಕಿಸಿದರು. ಆಕೆ ಎದೆಗುಂದದೆ ಎಲ್ಲವನ್ನೂ ಬರೆದಿಟ್ಟರು. ನೆರೆಹೊರೆಯ ಮಕ್ಕಳಲ್ಲಿಯೂ ಅದೇ ಬಾಧೆಯಿರುವುದನ್ನು ಕಂಡುಕೊಂಡರು. ಮಕ್ಕಳ ಸಂಧಿವಾತ ಅಂಟುಜಾಡ್ಯವಲ್ಲವೆಂದ ಮೇಲೆ, ಒಂದೇ ರಸ್ತೆಯ ಇಷ್ಟು ಮಕ್ಕಳಿಗೆ ಅದು ಬಂದುದಾದರೂ ಹೇಗೆ? 1975ರಲ್ಲಿ ಆಕೆಯೂ ಜುಡಿತ್ ಮೆನ್ಷ್ ಎಂಬ ಇನ್ನೊಬ್ಬ ತಾಯಿಯೂ ಈ ಪ್ರಶ್ನೆಯನ್ನು ಆರೋಗ್ಯಾಧಿಕಾರಿಗಳ ಮುಂದಿಟ್ಟರು.

ಯೇಲ್ ವಿಶ್ವವಿದ್ಯಾನಿಲಯದ ಡಾಕ್ಟರ್ ಆಲೆನ್ ಸ್ಟಿಯರ್ ವಿಚಾರಣೆಗೆ ತೊಡಗಿದರು. ಅಕ್ಕಪಕ್ಕದ ಮೂರು ಊರುಗಳಲ್ಲಿ 51 ರೋಗಿಗಳು ದೊರೆತರು. ಅವರಲ್ಲಿ 39 ಮಂದಿ ಮಕ್ಕಳು. ಹೆಚ್ಚಿನವರ ವಾಸ ಕಾಡಿನ ಅಂಚಿನಲ್ಲಿ. ರೋಗ ತಲೆದೋರುತ್ತಿದ್ದುದು ಬಹುತೇಕ ಬೇಸಗೆಯಲ್ಲಿ. ಕೀಲು ಬಾಯುವ ಮುನ್ನ ಚರ್ಮದ ಮೇಲೆ ಕೆಂಪು ಮಚ್ಚೆಯೊಂದು ಹರಡಿತ್ತೆಂದು ನಾಲ್ವರಲ್ಲಿ ಒಬ್ಬರು ನೆನಪಿಸಿಕೊಂಡರು. ಉಣುಗು ಕಚ್ಚಿದಲ್ಲಿ ಇಂತಹ ಮಚ್ಚೆ ಮೂಡುವುದನ್ನು ಸ್ವೀಡನ್ನಿನ ವೈದ್ಯ ಅಫ್ಜೆಲಿಯಸ್ 1909ರಲ್ಲಿಯೇ ತಿಳಿಸಿದ್ದರು. ಹೀಗೆ ಸಂಶಯ ಉಣುಗಿನತ್ತ ತಿರುಗಿತು. ಮರಿ ಉಣುಗು ಗಸಗಸೆ ಕಾಳಿನಷ್ಟೇ. ಅದು ಕಚ್ಚಿದ್ದು ಅನೇಕರ ಅರಿವಿಗೇ ಬಂದಿರಲಿಲ್ಲ. ಆದರೆ ರೋಗಾಣು ಮಾತ್ರ ಸಿಕ್ಕಲಿಲ್ಲ.

1981ರಲ್ಲಿ ಮೊಂಟಾನದ ಪ್ರಯೋಗಶಾಲೆಯೊಂದರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ನ್ಯೂಯಾರ್ಕಿನಿಂದ ತರಿಸಿದ ಉಣುಗುಗಳನ್ನು ಸೀಳಿ ಪರೀಕ್ಷಿಸುತ್ತಿದ್ದರು. ಅವರು ಅರಸುತ್ತಿದ್ದುದು ಬೇರೊಂದು ಜ್ವರದ ಅಣುವನ್ನು. ಸೂಕ್ಷ್ಮದರ್ಶಕದಲ್ಲಿ ಕಂಡದ್ದೋ, ಉಣುಗಿನ ಕರುಳಿನಲ್ಲಿ ಸುರುಳಿ ಸುರುಳಿಯಾದ ನೀಳ ಬ್ಯಾಕ್ಟೀರಿಯಾ! ತಾಯ್ನಾಡಾದ ಸ್ವಿಟ್ಸರ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಇಂತಹವನ್ನೇ ಅಭ್ಯಸಿಸಿದ್ದ ಕಣ್ಣು ಅವನ್ನು ಒಡನೆಯೇ ಗುರುತಿಸಿತು.

ಕಂಡಮಾತ್ರಕ್ಕೆ ಅಪರಾಧ ಸಿದ್ಧವಾಗದು. ಉಣುಗಿನ ಹೊಟ್ಟೆಯಲ್ಲಿ ನಿರಪಾಯ ಜೀವಿಗಳೂ ಇರುತ್ತವೆ. ಲೈಮ್ ರೋಗಿಗಳ ರಕ್ತದಲ್ಲಿ ಈ ಅಣುವನ್ನು ಎದುರಿಸುವ ಪ್ರತಿಕಾಯಗಳು ಕಂಡುಬಂದವು. ಆಲನ್ ಬಾರ್ಬರ್ ಎಂಬ ಸಹೋದ್ಯೋಗಿ ಅದನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದರು. 1983ರಲ್ಲಿ ರೋಗಿಗಳ ರಕ್ತದಿಂದಲೇ ಅದನ್ನು ಬೇರ್ಪಡಿಸಲಾಯಿತು. ಸಾಕ್ಷ್ಯ ಪೂರ್ಣವಾಯಿತು. 1984ರಲ್ಲಿ ಅದಕ್ಕೆ ಶೋಧಕನ ಹೆಸರೇ ಬಂದಿತು: ಬೊರೆಲಿಯಾ ಬರ್ಗ್‌ಡಾರ್ಫೆರಿ.

ಹೆಸರು ತಿಳಿದುದರ ಫಲವೇನು? ಬ್ಯಾಕ್ಟೀರಿಯಾ ಎಂದು ಖಚಿತವಾದುದರಿಂದ ಡಾಕ್ಸಿಸೈಕ್ಲಿನ್‌ನಂತಹ ಔಷಧಗಳನ್ನು ಧೈರ್ಯದಿಂದ ಕೊಡಬಹುದಾಯಿತು. ಬೇಗನೆ ಕೊಟ್ಟರೆ ಬಹುಮಂದಿ ಗುಣಮುಖರಾಗುತ್ತಾರೆ. ನಮ್ಮ ಮಲೆನಾಡಿನ ಮಂಗನ ಕಾಯಿಲೆಯನ್ನು ಹರಡುವುದೂ ಉಣುಗೇ. ಆದರೆ ಅದರ ಮೂಲ ವೈರಸ್ಸಾದುದರಿಂದ ಈ ಔಷಧಗಳು ಅಲ್ಲಿ ನಡೆಯವು. ಕಚ್ಚುವ ಜೀವಿ ಉಣುಗೇ ಆದರೂ ಅದು ಹೊತ್ತು ತರುವ ರೋಗಾಣು ಯಾವುದೆಂದು ತಿಳಿಯದೆ ಚಿಕಿತ್ಸೆಯಿಲ್ಲ.

ಮೈಗೆ ಉಣುಗು ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ತೀರ ಸಮೀಪದಲ್ಲಿ ಹಿಡಿದು ನೇರವಾಗಿ ಎಳೆಯಬೇಕು. ಆ ದಿನಾಂಕವನ್ನು ಬರೆದಿಡಬೇಕು. ಮುಂದೆ ಜ್ವರ ಬಂದರೆ ವೈದ್ಯರಿಗೆ ಆ ಒಂದು ಸಾಲೇ ದಾರಿ ತೋರೀತು. ಲೈಮ್ ಊರಿನ ತಾಯಿ ಬರೆದಿಟ್ಟದ್ದೂ ಅಂತಹ ಸಾಲುಗಳನ್ನೇ.