ದಿಲ್ಲಿಯ ಫೆಬ್ರವರಿ ಬೇರೆ, ಮಂಗಳೂರಿನ ಫೆಬ್ರವರಿ ಬೇರೆ

ರಮಝಾನ್ ಹತ್ತಿರವಾಗುತ್ತಿದ್ದಂತೆ ನಮ್ಮ ಮನೆಮನೆಯ ವಾಟ್ಸಾಪ್ ಗುಂಪುಗಳಲ್ಲಿ ಆರೋಗ್ಯ ಸಲಹೆಗಳು ಹರಿದಾಡತೊಡಗುತ್ತವೆ. ಹೆಚ್ಚಿನವು ದಿಲ್ಲಿ, ಲಕ್ನೋ ಕಡೆಯಿಂದ ಉರ್ದುವಿನಲ್ಲಿ ಹೊರಟು, ಯಾರದೋ ಕೈಯಲ್ಲಿ ಕನ್ನಡವಾಗಿ ನಮ್ಮನ್ನು ತಲುಪುವಂಥವು. ಇತ್ತೀಚೆಗೆ ಅವುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣಿಸುತ್ತಿದೆ. ಉಪವಾಸದ ತಿಂಗಳು ಬೇಸಿಗೆಯನ್ನು ದಾಟಿ ಚಳಿಗಾಲದ ಕಡೆಗೆ ಸರಿದಿದೆ, ಇನ್ನು ಬಾಯಾರಿಕೆಯ ಚಿಂತೆಯಿಲ್ಲ, ಸಹರಿಗೆ ಮೈ ಬೆಚ್ಚಗಿಡುವ ಆಹಾರ ತಿನ್ನಿ, ನೀರು ಮಿತವಾಗಿರಲಿ ಎಂದು. ಬರೆದವರು ಸುಳ್ಳು ಹೇಳಿಲ್ಲ. ಫೆಬ್ರವರಿಯ ಮಧ್ಯಾಹ್ನ ದಿಲ್ಲಿಯಲ್ಲಿ ಉಷ್ಣಾಂಶ 24 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಸಹರಿಗೆ ಏಳುವ ಹೊತ್ತಿಗೆ ಸ್ವೆಟರ್ ಬೇಕಾಗುತ್ತದೆ. ಆದರೆ ಅದೇ ಸಲಹೆಯನ್ನು ಉಳ್ಳಾಲದಲ್ಲೋ ಭಟ್ಕಳದಲ್ಲೋ ಪಾಲಿಸಿದವರು ಅಸರ್‌ನ ಹೊತ್ತಿಗೆ ತಲೆ ಸುತ್ತಿ ಕೂತಿರುತ್ತಾರೆ.

ನಮ್ಮ ಕರಾವಳಿಯಲ್ಲಿ ವರ್ಷದ ಅತಿ ಹೆಚ್ಚು ಉಷ್ಣಾಂಶ ದಾಖಲಾಗುವುದು ಸಾಮಾನ್ಯವಾಗಿ ಮೇ ತಿಂಗಳಲ್ಲಲ್ಲ, ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ. ಆಗ ಗಾಳಿ ಪೂರ್ವದಿಂದ, ಕಾದ ನೆಲದ ಮೇಲಿಂದ ಬೀಸುತ್ತದೆ. ಸಮುದ್ರದ ತಂಪುಗಾಳಿ ತಡವಾಗಿ ಬರುತ್ತದೆ. 2025ರ ಫೆಬ್ರವರಿ ಕೊನೆಯಲ್ಲಿ ಹವಾಮಾನ ಇಲಾಖೆ ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತ್ತು. ಆ ವರ್ಷ ಇಲ್ಲಿ ಉಪವಾಸ ಆರಂಭವಾದದ್ದು ಮಾರ್ಚ್ 2ಕ್ಕೆ. ಉತ್ತರದವರ ಪಾಲಿನ ಹಿತವಾದ ಉಪವಾಸ ನಮ್ಮ ಪಾಲಿಗೆ ವರ್ಷದ ಅತಿ ಕಠಿಣ ವಾರಗಳಲ್ಲಿ ಬಂದಿತ್ತು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ಊರಿನ ಹೆಸರಿಲ್ಲದ ಆರೋಗ್ಯ ಸಲಹೆಯನ್ನು ನಂಬಬೇಡಿ. ಅದನ್ನು ಕೊಟ್ಟವರು ಹಕೀಮರಾಗಿರಲಿ, ದೊಡ್ಡ ಆಸ್ಪತ್ರೆಯ ಡಾಕ್ಟರಾಗಿರಲಿ.

ಯುನಾನಿ ವೈದ್ಯಪದ್ಧತಿ ಓದಿದವರಿಗೆ ಇದು ಹೊಸ ಮಾತಲ್ಲ. ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳೆಂದು ನಾವು ಕಲಿಯುವ ಪಟ್ಟಿಯಲ್ಲಿ ಮೊದಲ ಸ್ಥಾನ ಹವಾ, ಅಂದರೆ ಗಾಳಿಗೆ. ಆಹಾರ ಮತ್ತು ನೀರು ಅದರ ನಂತರ. ಒಂದು ನಾಡಿನ ಜನರ ಮಿಝಾಜ್, ಅಂದರೆ ದೇಹಪ್ರಕೃತಿ, ಆ ನಾಡಿನ ಹವೆಗೆ ಹೊಂದಿಕೊಂಡಿರುತ್ತದೆ ಎಂದು ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್'ನಲ್ಲಿ ವಿವರಿಸಿದ್ದಾರೆ. ಅವರು ಕೊಡುವ ಉದಾಹರಣೆ ಹಿಂದೂಸ್ತಾನದವರದ್ದೇ. ಹಿಂದೂಸ್ತಾನದವನನ್ನು ಆರೋಗ್ಯವಾಗಿಡುವ ಪ್ರಕೃತಿ ಉತ್ತರದ ಚಳಿ ನಾಡಿನ ಸ್ಲಾವನಿಗೆ ಬಂದರೆ ಅವನು ಕಾಯಿಲೆ ಬೀಳುತ್ತಾನೆ, ಅವನದ್ದು ಇವನಿಗೆ ಬಂದರೆ ಇವನೂ ಹಾಗೆಯೇ. ಇಬ್ನ್ ಸೀನಾ ಹಿಂದೂಸ್ತಾನವನ್ನು ಒಂದೇ ನಾಡೆಂದು ಎಣಿಸಿದರು. ಇಲ್ಲಿಗೆ ಬಂದು ನೋಡಿದ್ದರೆ ಅದನ್ನೇ ಹತ್ತು ಭಾಗ ಮಾಡುತ್ತಿದ್ದರೇನೋ.

ಲಡಾಖ್‌ನ ದ್ರಾಸ್‌ನಲ್ಲಿ ಚಳಿಗಾಲದ ರಾತ್ರಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವುದುಂಟು. ರಾಜಸ್ಥಾನದ ಫಲೋಡಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಯಿತು. ಮೇಘಾಲಯದ ಮೌಸಿನ್‌ರಾಮ್‌ನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 11,870 ಮಿಲಿಮೀಟರ್ ಮಳೆಯಾದರೆ ಜೈಸಲ್ಮೇರ್‌ನಲ್ಲಿ 200 ಮಿಲಿಮೀಟರ್‌ನ ಆಸುಪಾಸು. ಹವಾಮಾನ ಇಲಾಖೆ ಕೂಡ ಬಿಸಿಗಾಳಿ ಘೋಷಿಸಲು ಇಡೀ ದೇಶಕ್ಕೆ ಒಂದೇ ಅಳತೆಗೋಲು ಇಟ್ಟುಕೊಂಡಿಲ್ಲ. ಬಯಲು ಸೀಮೆಯಲ್ಲಿ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಬೇಕು, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30. ಜೊತೆಗೆ ಆ ಊರಿನ ವಾಡಿಕೆಯ ಉಷ್ಣಾಂಶಕ್ಕಿಂತ ಅದು ಎಷ್ಟು ಹೆಚ್ಚಿದೆ ಎಂಬುದನ್ನೂ ನೋಡುತ್ತಾರೆ. ಶಿಮ್ಲಾದವರಿಗೆ ಅಪಾಯವೆನಿಸುವ ಬಿಸಿ ರಾಯಚೂರಿನವರಿಗೆ ಡಿಸೆಂಬರ್‌ನ ಹಿತವಾದ ಮಧ್ಯಾಹ್ನ.

ಅಷ್ಟು ದೂರ ಹೋಗುವುದೂ ಬೇಡ, ನಮ್ಮ ರಾಜ್ಯವೇ ಸಾಕು. ಕಲಬುರಗಿಯಿಂದ ಕರಾವಳಿಗೆ ಮದುವೆಯಾಗಿ ಬಂದ ಹೆಣ್ಣುಮಗಳೊಬ್ಬಳನ್ನು ಅವಳ ಅತ್ತೆ ನನ್ನ ಬಳಿಗೆ ಕರೆತಂದಿದ್ದರು. ಅಡುಗೆಮನೆಗೆ ಹೋದರೆ ತಲೆಸುತ್ತು, ಸುಸ್ತು, ವಾಂತಿ ಬಂದಂತಾಗುವುದು. ಬಿಸಿಲ ನಾಡಿನವಳಿಗೆ ಇಲ್ಲಿಯ ಸೆಕೆ ಏನು ಮಹಾ, ಇದೆಲ್ಲ ಕೆಲಸ ತಪ್ಪಿಸುವ ನೆಪ ಎಂಬುದು ಅತ್ತೆಯ ಅನುಮಾನ. ಹುಡುಗಿ ಹೇಳಿದ್ದು ಹೀಗೆ: "ನಮ್ಮೂರಾಗ ಬಿಸಲು ಇದಕ್ಕಿಂತ ಜಾಸ್ತಿ ಅದರಿ ಡಾಕ್ಟರ್ ಸಾಹೇಬ್ರ, ಆದ್ರ ಇಲ್ಲಿ ಉಸುರು ಕಟ್ಟಿದಂಗ ಆಗ್ತದ."

ಅವಳ ಮಾತು ವೈದ್ಯಕೀಯವಾಗಿ ಸರಿ. ಬೆವರು ಬರುವುದರಿಂದ ಮೈ ತಂಪಾಗುವುದಿಲ್ಲ, ಆ ಬೆವರು ಆರುವುದರಿಂದ ತಂಪಾಗುತ್ತದೆ. ಕಲಬುರಗಿಯ ಒಣ ಗಾಳಿಯಲ್ಲಿ ಬೆವರು ಬಂದಷ್ಟೇ ಬೇಗ ಆರುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿನ ಪಸೆ ತುಂಬಿರುವುದರಿಂದ ಬೆವರು ಆರದೆ ಮೈಮೇಲೆ ಇಳಿಯುತ್ತದೆ. ನೀರು ಮತ್ತು ಉಪ್ಪು ನಷ್ಟವಾಯಿತು, ತಂಪು ಮಾತ್ರ ಸಿಗಲಿಲ್ಲ. ತೇವಾಂಶವನ್ನೂ ಸೇರಿಸಿ ಮೈಗೆ ತಟ್ಟುವ ಬಿಸಿಯನ್ನು ಲೆಕ್ಕ ಹಾಕುವ ಹೀಟ್ ಇಂಡೆಕ್ಸ್ ಎಂಬ ಅಳತೆಯಿದೆ. ಅದರ ಪ್ರಕಾರ ತೇವಾಂಶ ಶೇ. 15 ಇರುವಲ್ಲಿ 43 ಡಿಗ್ರಿ ಎಂದರೆ ನೆರಳಿನಲ್ಲಿ ಸುಮಾರು 42ರ ಅನುಭವ. ತೇವಾಂಶ ಶೇ. 65 ಇರುವಲ್ಲಿ ಬರೀ 34 ಡಿಗ್ರಿಯೇ ಸುಮಾರು 44ರ ಅನುಭವ ಕೊಡುತ್ತದೆ. ಟಿವಿಯಲ್ಲಿ ಕಲಬುರಗಿ 43, ಮಂಗಳೂರು 34 ಎಂದು ನೋಡಿ ನಾವು ಸಮಾಧಾನಪಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ನಮ್ಮ ಭಾಷೆ ಈ ವ್ಯತ್ಯಾಸವನ್ನು ಎಂದೋ ಗುರುತಿಸಿದೆ. ಅಲ್ಲಿಯವರು ಬಿಸಲು, ಝಳ ಎನ್ನುತ್ತಾರೆ, ಇಲ್ಲಿಯವರು ಸೆಕೆ ಎನ್ನುತ್ತೇವೆ. ಆ ಹುಡುಗಿಗೆ ನಾನು ಔಷಧ ಹೆಚ್ಚೇನೂ ಕೊಡಲಿಲ್ಲ. ಹೊಸ ಹವೆಗೆ ದೇಹ ಒಗ್ಗಲು ಒಂದೆರಡು ವಾರವಾದರೂ ಬೇಕು, ಅಲ್ಲಿಯವರೆಗೆ ಮಧ್ಯಾಹ್ನದ ಒಲೆಯ ಕೆಲಸ ಬೇರೆಯವರು ನೋಡಿಕೊಳ್ಳಲಿ ಎಂದು ಅತ್ತೆಗೇ ಚೀಟಿ ಬರೆದುಕೊಟ್ಟೆ.

ಇದೇ ಕಾರಣಕ್ಕೆ ಬಯಲು ಸೀಮೆಯ ಉಪಾಯಗಳು ಇಲ್ಲಿ ಕೈಕೊಡುತ್ತವೆ. ಕಲಬುರಗಿ, ಬೀದರ್ ಮನೆಗಳಲ್ಲಿ ಮಣ್ಣಿನ ಮಡಕೆಯ ನೀರು ಎಷ್ಟು ತಣ್ಣಗಿರುತ್ತದೆಂದು ಕುಡಿದವರಿಗೇ ಗೊತ್ತು. ಅದೇ ಮಡಕೆ ಮಂಗಳೂರಿನಲ್ಲಿ ಅರ್ಧ ಕೆಲಸವನ್ನೂ ಮಾಡುವುದಿಲ್ಲ. ನೀರು ಹಾಕುವ ಏರ್ ಕೂಲರ್, ನೆನೆಸಿದ ಲಾವಂಚದ ಪರದೆ ಅಲ್ಲಿ ಕೋಣೆಯನ್ನು ತಣಿಸುತ್ತವೆ. ಇಲ್ಲಿ ಕೋಣೆಗೆ ಇನ್ನಷ್ಟು ಹಬೆ ತುಂಬಿಸುತ್ತವೆ. ಆದರೂ ಪ್ರತಿ ಬೇಸಿಗೆ ಕರಾವಳಿಯಲ್ಲಿ ಕೂಲರ್ ಮಾರಾಟವಾಗುತ್ತಲೇ ಇದೆ! ಫ್ಯಾನಿನದ್ದು ಇದಕ್ಕೆ ತಿರುಗಾ ಮುರುಗಾ. ನಮಗೆ ಫ್ಯಾನ್ ಮತ್ತು ತೆರೆದ ಕಿಟಕಿ ದೊಡ್ಡ ಆಸರೆ. ಅಲ್ಲಿ 42-43 ಡಿಗ್ರಿಯ ಮಧ್ಯಾಹ್ನ ಕಿಟಕಿ ತೆರೆದರೆ ಬೆಂಕಿಯಂಥ ಗಾಳಿ ಒಳಗೆ ಬರುತ್ತದೆ, ಬರೀ ಫ್ಯಾನ್ ಅದನ್ನೇ ಮೈಮೇಲೆ ಬೀಸುತ್ತದೆ. ಹಗಲು ಕಿಟಕಿ ಮುಚ್ಚಿ ಪರದೆ ಎಳೆದು, ಒದ್ದೆ ಬಟ್ಟೆ ಹೊದ್ದು ಫ್ಯಾನಿನ ಕೆಳಗೆ ಕೂರುವುದು ಅಲ್ಲಿಗೆ ಸರಿ.

ಕರಾವಳಿಯಿಂದ ಒಣ ನಾಡಿಗೆ ಹೋಗುವವರಿಗೆ ಬೇರೆ ಅಪಾಯವಿದೆ. ಅಂಗಿ ಒದ್ದೆಯಾಗದ ಕಾರಣ ತಾನು ಬೆವರುತ್ತಿಲ್ಲ, ನೀರು ಬೇಡ ಎಂದುಕೊಳ್ಳುತ್ತಾರೆ. ಬೆವರು ಕಾಣುವ ಮೊದಲೇ ಆರಿರುತ್ತದೆ ಅಷ್ಟೆ. ಸಂಜೆ ಮೂತ್ರ ಕಡು ಹಳದಿ, ತುಟಿ ಬಿರುಕು, ಮೂಗಿನಲ್ಲಿ ರಕ್ತ. ವರ್ಷಗಟ್ಟಲೆ ಹೀಗೇ ನಡೆದರೆ ಮೂತ್ರಕೋಶದ ಕಲ್ಲು. ಬೇಸಿಗೆಯಲ್ಲಿ ಹಜ್ಜ್‌ಗೋ ಉಮ್ರಾಕ್ಕೋ ಹೋಗುವ ನಮ್ಮ ಕಡೆಯ ಹಿರಿಯರಿಗೂ ನಾನು ಇದನ್ನೇ ಒತ್ತಿ ಹೇಳುವುದು. ಮಕ್ಕಾದ ಬಿಸಿ ಕಲಬುರಗಿಯ ಬಿಸಿಯ ಅಣ್ಣ, ಅದು ನಮ್ಮ ಸೆಕೆಯಲ್ಲ.

ಇನ್ನು ಪಾನೀಯದ ವಿಚಾರ. ಹಕೀಮ್ ಹಾಫಿಝ್ ಅಬ್ದುಲ್ ಮಜೀದ್ ಅವರು ಇಪ್ಪತ್ತನೇ ಶತಮಾನದ ಆರಂಭದಲ್ಲಿ ದಿಲ್ಲಿಯಲ್ಲಿ ರೂಹ್ ಅಫ್ಝಾ ತಯಾರಿಸಿದ್ದು ಅಲ್ಲಿಯ ಬೇಸಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ನಮ್ಮ ಪದ್ಧತಿಯ ಹೆಮ್ಮೆಯದು, ನನಗೂ ಇಷ್ಟ. ಆದರೆ ಅದು ಸಕ್ಕರೆಯ ಶರಬತ್ತು. ಬೆವರಿಳಿದು ಉಪ್ಪು ಕಳೆದುಕೊಂಡ ಕರಾವಳಿಯ ದೇಹಕ್ಕೆ ಇಫ್ತಾರ್‌ನಲ್ಲಿ ಮೊದಲು ಬೇಕಾದದ್ದು ಉಪ್ಪು ಹಾಕಿದ ಗಂಜಿ ತಿಳಿ, ನೀರು ಮಜ್ಜಿಗೆ, ಎಳನೀರು. ಕಿಡ್ನಿ ತೊಂದರೆಯಿರುವವರು ಎಳನೀರಿಗೆ ಮೊದಲು, ರಕ್ತದೊತ್ತಡ ಇರುವವರು ಉಪ್ಪಿಗೆ ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಪುನರ್ಪುಳಿ ಶರಬತ್ತೂ ಒಳ್ಳೆಯದು, ಸಕ್ಕರೆ ಕಡಿಮೆಯಿರಲಿ. ಬಯಲು ಸೀಮೆಯವರಿಗೆ ಜೋಳದ ಅಂಬಲಿ, ಮಜ್ಜಿಗೆ ಇದ್ದೇ ಇವೆ. ಆಯಾ ಊರಿನ ಅಜ್ಜಿಯರು ಆಯಾ ಊರಿಗೆ ಬೇಕಾದದ್ದನ್ನೇ ಕುಡಿಸುತ್ತಿದ್ದರು.

ಸೆಕೆ ನಾಡಿನಲ್ಲಿ ಚರ್ಮದ ಕಾಯಿಲೆಯೂ ಬೇರೆ. ಒದ್ದೆಯಾಗಿಯೇ ಉಳಿಯುವ ಕಂಕುಳು, ತೊಡೆಸಂದು, ಕಾಲ್ಬೆರಳ ಸಂದಿಗಳಲ್ಲಿ ಬೆವರುಸಾಲೆ, ಗಜಕರ್ಣ ಹುಟ್ಟುತ್ತವೆ. ವುಝೂ ಮಾಡಿದ ಮೇಲೆ ಕಾಲ್ಬೆರಳ ಸಂದಿ ಒರೆಸಿಕೊಳ್ಳುವ ಅಭ್ಯಾಸ ಒಣ ಊರಿನವರಿಗೆ ಅಗತ್ಯವಿಲ್ಲದಿರಬಹುದು, ಇಲ್ಲಿ ಬೇಕೇ ಬೇಕು. ಬುರ್ಖಾದ ಬಟ್ಟೆಯ ಬಗ್ಗೆಯೂ ಹೇಳಲೇಬೇಕು. ದುಬೈಯಿಂದಲೋ ದಿಲ್ಲಿಯಿಂದಲೋ ಬಂದ ದಪ್ಪ ಪಾಲಿಯೆಸ್ಟರ್ ನೋಡಲು ಚೆಂದ, ಆದರೆ ಅದು ಬೆವರನ್ನು ಹೊರಹೋಗಗೊಡುವುದಿಲ್ಲ. ಪರ್ದಾ ಕಡ್ಡಾಯ ಎನ್ನುವವರು ಯಾರೂ ಪಾಲಿಯೆಸ್ಟರ್ ಕಡ್ಡಾಯ ಎಂದಿಲ್ಲ. ಸಡಿಲ ಹತ್ತಿ ಬಟ್ಟೆ ಹೊಲಿಸಿಕೊಡುವುದು ಮನೆಯ ಗಂಡಸರ ಜವಾಬ್ದಾರಿಯೂ ಹೌದು.

ಚಳಿಯ ಬಗ್ಗೆ ಎರಡು ಮಾತು, ಏಕೆಂದರೆ ಇದರಲ್ಲಿ ಜೀವವೇ ಹೋಗುತ್ತದೆ. ನಮ್ಮ ಮಕ್ಕಳು ಓದಲೆಂದು ಅಲೀಗಢ, ದೇವಬಂದ್, ದಿಲ್ಲಿಗೆ ಹೋಗುತ್ತಾರೆ. ಅಲ್ಲಿಯ ಜನವರಿಯ ರಾತ್ರಿ 5-6 ಡಿಗ್ರಿಗೆ ಇಳಿಯುತ್ತದೆ, ಮಂಜು ಕವಿದ ಹಗಲೂ ತಣ್ಣಗೇ ಇರುತ್ತದೆ. ಚಳಿ ತಡೆಯದೆ ಇದ್ದಿಲಿನ ಅಂಗೀಠಿ ಹೊತ್ತಿಸಿ ಬಾಗಿಲು ಕಿಟಕಿ ಮುಚ್ಚಿ ಮಲಗಿದವರು ಬೆಳಗ್ಗೆ ಏಳದ ಸುದ್ದಿ ಉತ್ತರ ಭಾರತದ ಪತ್ರಿಕೆಗಳಲ್ಲಿ ಚಳಿಗಾಲ ಬಂದಾಗಲೆಲ್ಲ ಇರುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಬಂದದ್ದೇ ತಿಳಿಯುವುದಿಲ್ಲ. ಇಲ್ಲಿಂದ ಹೊರಡುವ ಹುಡುಗನ ಪೆಟ್ಟಿಗೆಯಲ್ಲಿ ಹಲ್ವಾ, ಉಪ್ಪಿನಕಾಯಿ ತುಂಬಿಸುವ ಉಮ್ಮ ಈ ಒಂದು ಮಾತನ್ನೂ ಜೊತೆಗೆ ಕಳುಹಿಸಲಿ.

ಹವೆಯನ್ನು ನೋಡಿ ನಡೆಯುವುದು ಧರ್ಮಕ್ಕೆ ಹೊರಗಿನದೇನಲ್ಲ. ಬಿಸಿಲು ತೀವ್ರವಾಗಿರುವಾಗ ಝುಹ್ರ್ ನಮಾಝನ್ನು ಸ್ವಲ್ಪ ತಂಪಾಗುವವರೆಗೆ ತಡಮಾಡಲು ಪ್ರವಾದಿ(ಸ) ಕಲಿಸಿದ್ದಾರೆ. ಶಾಫಿಈ ವಿದ್ವಾಂಸರು ಅದನ್ನು ವಿವರಿಸುವಾಗ ಬಿಸಿ ಪ್ರದೇಶಕ್ಕೆ, ದೂರದಿಂದ ಮಸೀದಿಗೆ ನಡೆದು ಬರುವವರಿಗೆ ಎಂದು ಷರತ್ತು ಹಾಕಿದ್ದಾರೆ. ಆ ರಿಯಾಯಿತಿಗೂ ಊರಿನ ಲೆಕ್ಕವಿದೆ. ಜಮಾಅತ್‌ನ ಸಮಯ ನಿರ್ಧರಿಸುವುದು ಉಲಮಾಗಳಿಗೆ ಬಿಟ್ಟದ್ದು. ಆದರೆ ಮದ್ರಸದ ಸಮಯ ಆಡಳಿತ ಸಮಿತಿಯ ಕೈಯಲ್ಲಿದೆ. ಶೀಟಿನ ಮಾಡಿನ ಕೆಳಗೆ ಮಾರ್ಚ್‌ನ ಮಧ್ಯಾಹ್ನ ಮಕ್ಕಳನ್ನು ಕೂರಿಸುವ ಕಡೆಗಳಲ್ಲಿ ಆ ತರಗತಿ ಬೆಳಗ್ಗೆಗೆ ಬರಬೇಕು. ಬಯಲು ಸೀಮೆಯ ಶಾಲೆಗಳ ವೇಳಾಪಟ್ಟಿ ನೋಡಿ ಏಪ್ರಿಲ್‌ವರೆಗೆ ಕಾಯುವುದು ನಮಗೆ ಸಲ್ಲದು.

ಉಪವಾಸಿಗರ ಮನೆಯವರು ಒಂದನ್ನು ನೆನಪಿಡಿ. ಮೈ ಬೆವರುತ್ತಿದೆ, ಹಾಗಾಗಿ ಶಾಖಾಘಾತವಲ್ಲ ಎಂಬ ಲೆಕ್ಕ ಕರಾವಳಿಯಲ್ಲಿ ನಡೆಯದು. ಇಲ್ಲಿ ಬೆವರುತ್ತಲೇ ಶಾಖಾಘಾತವಾಗಬಹುದು. ಮಾತು ತೊದಲಿದರೆ, ಗೊಂದಲವಾಗಿ ಮಾತಾಡಿದರೆ, ಮೈ ಸುಡುತ್ತಿದ್ದರೆ ಇಫ್ತಾರ್‌ಗೆ ಇನ್ನೆಷ್ಟು ಹೊತ್ತಿದೆ ಎಂದು ಗಡಿಯಾರ ನೋಡಬೇಡಿ. ರೋಗಿಗೆ ಉಪವಾಸದಲ್ಲಿ ವಿನಾಯಿತಿಯನ್ನು ಅಲ್ಲಾಹನೇ ಕೊಟ್ಟಿದ್ದಾನೆ. ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ತಲೆಯಿಂದ ಕಾಲಿನವರೆಗೆ ತಣ್ಣೀರು ಸುರಿಯುತ್ತಲೇ ಇರಿ. ಇಲ್ಲಿಯ ಗಾಳಿಯಲ್ಲಿ ಒದ್ದೆ ಬಟ್ಟೆ ಮತ್ತು ಫ್ಯಾನ್ ಮಾತ್ರ ಸಾಲದು, ಕತ್ತು, ಕಂಕುಳು, ತೊಡೆಸಂದಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ನನ್ನಂಥ ಹಕೀಮರ ಕ್ಲಿನಿಕ್‌ಗೂ ಕರೆತರಬೇಡಿ, ನೇರ ತುರ್ತು ಚಿಕಿತ್ಸೆಯಿರುವ ಆಸ್ಪತ್ರೆಗೆ ಹೋಗಿ.